ಕಂದಾಯ ರಸೀದಿಯಲ್ಲಿರೋ ಗ್ರಂಥಾಲಯ ಕರ: ಆ ಆರು ಪೈಸೆ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತೆ?

ಕೋಲಾರ: ಮನೆ, ಅಂಗಡಿ, ಗೋಡೌನ್ ಇರುವವರೆಲ್ಲ ವರ್ಷಕ್ಕೊಮ್ಮೆ ನಗರಸಭೆಗೋ, ಪುರಸಭೆಗೋ, ಗ್ರಾಮ ಪಂಚಾಯಿತಿಗೋ ಕಂದಾಯ ಕಟ್ಟುತ್ತಾರೆ. ಏಪ್ರಿಲ್ ತಿಂಗಳಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತೆ ಅಂತ ಸಾಲು ನಿಲ್ಲುವವರೂ ಇದ್ದಾರೆ. ಆದರೆ ರಸೀದಿ ಕೈಗೆ ಬಂದ ಮೇಲೆ ಕೊನೆಯ ಮೊತ್ತ ಒಂದನ್ನು ನೋಡಿ, ಮಡಚಿ ಗಲ್ಲಾದೊಳಗೆ ಇಡುವವರೇ ಹೆಚ್ಚು. ಅದೇ ರಸೀದಿಯಲ್ಲಿ ಆಸ್ತಿ ತೆರಿಗೆಯ ಕೆಳಗೆ ಮೂರು ಸಣ್ಣ ಬಾಬ್ತುಗಳಿರುತ್ತವೆ: ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ.

ಆಸ್ತಿ ತೆರಿಗೆ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಲೆಕ್ಕ ಹಾಕಿ ನೋಡಿ. ಒಂದು ಅಂಗಡಿ ಕಟ್ಟಡಕ್ಕೆ ವರ್ಷಕ್ಕೆ 5,000 ರೂಪಾಯಿ ಆಸ್ತಿ ತೆರಿಗೆ ಇದ್ದರೆ ಅದರ ಮೇಲೆ ಆರೋಗ್ಯಕ್ಕೆ 750, ಗ್ರಂಥಾಲಯಕ್ಕೆ 300, ಭಿಕ್ಷುಕರ ಪುನರ್ವಸತಿಗೆ 150 ರೂಪಾಯಿ ಬೀಳುತ್ತೆ. ಅಂದರೆ ಆ ಅಂಗಡಿ ಮಾಲೀಕರು ಗ್ರಂಥಾಲಯದ ಬಾಗಿಲು ದಾಟದೇ ಇದ್ದರೂ ವರ್ಷಕ್ಕೆ 300 ರೂಪಾಯಿ ಗ್ರಂಥಾಲಯಕ್ಕೆ ಅಂತಲೇ ಕೊಡ್ತಿದ್ದಾರೆ. ಹತ್ತು ವರ್ಷಕ್ಕೆ ಮೂರು ಸಾವಿರ. ಬಾಡಿಗೆ ಅಂಗಡಿಯವರು ನೇರವಾಗಿ ಕಟ್ಟಲ್ಲ, ಆದರೆ ಬಾಡಿಗೆ ಏರಿಸುವಾಗ ಮಾಲೀಕರು ಕಂದಾಯದ ಲೆಕ್ಕವನ್ನೂ ಸೇರಿಸೇ ಹೇಳ್ತಾರೆ ಅನ್ನೋದು ಎಲ್ಲರಿಗೂ ಗೊತ್ತಿರೋದೇ.

ಸರ್ಕಾರಿ ಗ್ರಂಥಾಲಯ ಅಂದರೆ ಸರ್ಕಾರ ಧರ್ಮಕ್ಕೆ ನಡೆಸೋದು, ಸಿಕ್ಕಿದಷ್ಟೇ ಪುಣ್ಯ ಅನ್ನೋ ಮಾತು ನಮ್ಮ ಕಡೆ ಸಾಮಾನ್ಯ. ಅದು ತಪ್ಪು. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಕ್ಕೆ ಬೇರೆಯದೇ ಆದ, ಕಾನೂನಲ್ಲಿ ಬರೆದಿಟ್ಟ ದುಡ್ಡಿನ ದಾರಿ ಇದೆ. ಆ ದಾರಿ ಶುರುವಾಗೋದು ನಿಮ್ಮ ರಸೀದಿಯಿಂದ.

ಕಬ್ಬನ್ ಪಾರ್ಕ್‌ನ ಕೆಂಪು ಕಟ್ಟಡ

ಕಥೆ ಸ್ವಲ್ಪ ಹಿಂದಿನಿಂದ ಹೇಳಬೇಕು. ಬೆಂಗಳೂರಿನ ಕಬ್ಬನ್ ಪಾರ್ಕ್ ಒಳಗೆ, ಹೈಕೋರ್ಟ್‌ಗೆ ಹತ್ತಿರದಲ್ಲಿ, ಒಂದು ದೊಡ್ಡ ಕೆಂಪು ಕಟ್ಟಡ ಇದೆ. ಅದರ ಹೆಸರು ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. ಈಗ ಅದೇ ರಾಜ್ಯ ಕೇಂದ್ರ ಗ್ರಂಥಾಲಯ. ಕೆ. ಶೇಷಾದ್ರಿ ಅಯ್ಯರ್ 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದವರು. ಶಿವನಸಮುದ್ರದ ಜಲವಿದ್ಯುತ್ ಯೋಜನೆ ಅವರ ಕಾಲದ್ದು. 1902ರಲ್ಲಿ ಆ ಕರೆಂಟ್ ಮೊದಲು ಹರಿದದ್ದು ನಮ್ಮ ಕೋಲಾರ ಚಿನ್ನದ ಗಣಿಗೆ. ಬೆಂಗಳೂರಿಗೆ ಬೀದಿ ದೀಪ ಬಂದದ್ದು ಅದಾದ ಮೇಲೆ. ಭವನದ ಮುಂದೆ ಇರುವ ಅವರ ಪ್ರತಿಮೆಯನ್ನು 1913ರಲ್ಲಿ ವೈಸ್‌ರಾಯ್ ಹಾರ್ಡಿಂಜ್ ಅನಾವರಣ ಮಾಡಿದರು.

ಬೆಂಗಳೂರಲ್ಲಿ, ಮೈಸೂರಲ್ಲಿ ಸಾರ್ವಜನಿಕ ಗ್ರಂಥಾಲಯ ಶುರುವಾಗಿದ್ದು 1914-15ರ ಹೊತ್ತಿಗೆ. ಆಗ ದಿವಾನರು ಸರ್ ಎಂ. ವಿಶ್ವೇಶ್ವರಯ್ಯ. ಅವರ ಊರು ಮುದ್ದೇನಹಳ್ಳಿ ಈಗ ಚಿಕ್ಕಬಳ್ಳಾಪುರ ಜಿಲ್ಲೆ. 2007ರಲ್ಲಿ ಜಿಲ್ಲೆ ಒಡೆಯುವವರೆಗೂ ಅದು ಕೋಲಾರ ಜಿಲ್ಲೆಯೇ. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದೂ 1915ರಲ್ಲಿ, ಅದೇ ಗಾಳಿಯಲ್ಲಿ.

ಪುಸ್ತಕದ ವಿಚಾರದಲ್ಲಿ ನಮ್ಮ ಜಿಲ್ಲೆ ಬಡವಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಹುಟ್ಟಿದ್ದು ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ. ಡಿ.ವಿ. ಗುಂಡಪ್ಪ ಹುಟ್ಟಿದ್ದು 1887ರಲ್ಲಿ, ಮುಳಬಾಗಿಲಿನಲ್ಲಿ. ಡಿವಿಜಿ ಮೆಟ್ರಿಕ್ ಕೂಡ ಪಾಸಾಗಲಿಲ್ಲ. ಓದಿದ್ದೆಲ್ಲ ಕಾಲೇಜಿನ ಹೊರಗೇ. ಅಂಥವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದಾಗ ಅದರೊಳಗೆ ಗ್ರಂಥಾಲಯಕ್ಕೂ ಜಾಗ ಇಟ್ಟರು. ಪದವಿ ಇಲ್ಲದವರಿಗೆ ಗ್ರಂಥಾಲಯ ಏನು ಅನ್ನೋದಕ್ಕೆ ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ.

ಆದರೆ ಆ ಕಾಲದ ವ್ಯವಸ್ಥೆಯಲ್ಲಿ ಒಂದು ತೊಂದರೆ ಇತ್ತು. ದೊಡ್ಡ ಊರಲ್ಲಿ ಸರ್ಕಾರದ ಕಟ್ಟಡ, ಸಣ್ಣ ಊರಲ್ಲಿ ಯಾರೋ ದಾನಿಗಳು ಕೊಟ್ಟ ಕೋಣೆ, ಹಳ್ಳಿಯಲ್ಲಿ ವಯಸ್ಕರ ಶಿಕ್ಷಣ ಸಮಿತಿಯವರ ಪೆಟ್ಟಿಗೆ ಪುಸ್ತಕ. ದಾನಿ ಇರೋವರೆಗೂ, ಉತ್ಸಾಹಿ ಅಧಿಕಾರಿ ಇರೋವರೆಗೂ ನಡೆಯೋದು. ಆಮೇಲೆ ಬೀಗ. ಪತ್ರಿಕೆ ಚಂದಾ ಕಟ್ಟೋರು ಯಾರು, ದೀಪದ ಖರ್ಚು ಯಾರದು ಅನ್ನೋದಕ್ಕೆ ಉತ್ತರ ಇರಲಿಲ್ಲ.

ಲೆಕ್ಕದ ಮೇಷ್ಟ್ರು ಕೊಟ್ಟ ಉತ್ತರ

ಉತ್ತರ ಕೊಟ್ಟವರು ಎಸ್.ಆರ್. ರಂಗನಾಥನ್. ಮೂಲತಃ ಗಣಿತ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಅವರು ಬರೆದ ಗ್ರಂಥಾಲಯದ ಐದು ಸೂತ್ರಗಳನ್ನು ಇವತ್ತಿಗೂ ಲೈಬ್ರರಿ ಸೈನ್ಸ್ ವಿದ್ಯಾರ್ಥಿಗಳು ಬಾಯಿಪಾಠ ಮಾಡ್ತಾರೆ. ಆಗಸ್ಟ್ 12ರಂದು ಗ್ರಂಥಪಾಲಕರ ದಿನ ಅಂತ ಆಚರಿಸೋದು ಅವರ ಹೆಸರಲ್ಲೇ. ಸೂತ್ರಕ್ಕಿಂತ ನಮಗೆ ಇಲ್ಲಿ ಮುಖ್ಯ ಅವರ ಇನ್ನೊಂದು ಹಟ. ಗ್ರಂಥಾಲಯಕ್ಕೆ ಕಾನೂನು ಬೇಕು, ಆ ಕಾನೂನಲ್ಲಿ ದುಡ್ಡಿನ ಮೂಲ ಬರೆದಿರಬೇಕು ಅಂತ ಅವರು 1930ರಿಂದಲೇ ಕರಡು ಮಸೂದೆ ಹಿಡಿದು ಓಡಾಡಿದರು. ಮದ್ರಾಸ್‌ನಲ್ಲಿ 1948ರಲ್ಲಿ ಕಾಯ್ದೆ ಆಯ್ತು. ಸ್ವತಂತ್ರ ಭಾರತದಲ್ಲಿ ಇಂಥದ್ದು ಅದೇ ಮೊದಲು.

ಕೊನೆಗಾಲದಲ್ಲಿ ರಂಗನಾಥನ್ ಬೆಂಗಳೂರಿನಲ್ಲೇ ನೆಲೆಸಿದ್ದರು. 1972ರಲ್ಲಿ ತೀರಿಕೊಂಡದ್ದೂ ಅಲ್ಲೇ. ಮೈಸೂರಿನ ಕಾಯ್ದೆಯ ಹಿಂದೆ ಅವರ ಕರಡು, ಅವರ ಸಲಹೆ ಇತ್ತು. ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿದ್ದಾಗ, 1965ರಲ್ಲಿ, ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂತು. 1966ರಲ್ಲಿ ಜಾರಿಯಾಗಿ, ಅದೇ ವರ್ಷ ನವೆಂಬರ್ 1ರಂದು ಸಾರ್ವಜನಿಕ ಗ್ರಂಥಾಲಯ ಇಲಾಖೆ ಶುರುವಾಯ್ತು. 1973ರಲ್ಲಿ ರಾಜ್ಯದ ಹೆಸರು ಬದಲಾದ ಮೇಲೆ ಇದು ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಆಯ್ತು.

ಕಾಯ್ದೆ ಮಾಡಿದ್ದು ಇಷ್ಟು. ಮೇಲೆ ರಾಜ್ಯ ಗ್ರಂಥಾಲಯ ಪ್ರಾಧಿಕಾರ, ಅದರ ಕೆಳಗೆ ದೊಡ್ಡ ನಗರಗಳಿಗೆ ನಗರ ಗ್ರಂಥಾಲಯ ಪ್ರಾಧಿಕಾರ, ಜಿಲ್ಲೆಗಳಿಗೆ ಜಿಲ್ಲಾ ಗ್ರಂಥಾಲಯ ಪ್ರಾಧಿಕಾರ. ಪ್ರತಿ ಪ್ರಾಧಿಕಾರಕ್ಕೂ ಅದರದೇ ನಿಧಿ. ಕಬ್ಬನ್ ಪಾರ್ಕ್‌ನ ಗ್ರಂಥಾಲಯ ರಾಜ್ಯ ಕೇಂದ್ರ ಗ್ರಂಥಾಲಯವಾಯ್ತು. ರಾಜ್ಯದಲ್ಲಿ ಅಚ್ಚಾಗುವ ಪುಸ್ತಕದ ಪ್ರತಿಗಳು, ಅದು ಮುಳಬಾಗಿಲಿನ ಪ್ರೆಸ್‌ನಲ್ಲಿ ಅಚ್ಚಾದದ್ದೇ ಇರಲಿ, ಅಲ್ಲಿಗೆ ಸೇರಬೇಕು ಅನ್ನೋ ಏರ್ಪಾಡೂ ಆಯ್ತು. ಗ್ರಂಥಪಾಲಕರು ಸರ್ಕಾರಿ ನೌಕರರಾದರು, ಅವರ ಸಂಬಳ ಸರ್ಕಾರದ ಬೊಕ್ಕಸದಿಂದ. ಇದು ಒಳ್ಳೆಯ ಕೆಲಸ, ಯಾಕಂದರೆ ಕರದ ದುಡ್ಡು ಸಂಬಳಕ್ಕೇ ಖಾಲಿಯಾಗದೆ ಪುಸ್ತಕ, ಪತ್ರಿಕೆ, ಕುರ್ಚಿ, ಕಟ್ಟಡಕ್ಕೆ ಉಳಿಯಬೇಕು ಅನ್ನೋದು ಅದರ ಲೆಕ್ಕ.

ನಾಲ್ಕು ಕಾಲಿನ ಮಂಚ, ಉಳಿದದ್ದು ಒಂದೇ ಕಾಲು

ಇಲ್ಲಿಂದ ಮುಂದಿನ ಮಾತು ಅಂಗಡಿಯವರು ಗಮನ ಇಟ್ಟು ಓದಬೇಕಾದ್ದು.

1965ರ ಕಾಯ್ದೆ ಗ್ರಂಥಾಲಯ ಕರವನ್ನು ಆಸ್ತಿ ತೆರಿಗೆ ಒಂದರ ಮೇಲೆ ಮಾತ್ರ ಹಾಕಿರಲಿಲ್ಲ. ಸ್ಥಳೀಯ ಸಂಸ್ಥೆಗಳು ಹಾಕುವ ನಾಲ್ಕು ತೆರಿಗೆಗಳ ಮೇಲೆ ಹಾಕಿತ್ತು. ಒಂದು, ಜಮೀನು ಕಟ್ಟಡದ ತೆರಿಗೆ. ಎರಡು, ಊರೊಳಗೆ ಬರುವ ಸರಕಿನ ಮೇಲಿನ ಸುಂಕ, ಅಂದರೆ ಆಕ್ಟ್ರಾಯ್. ಮೂರು, ವಾಹನ ತೆರಿಗೆ. ನಾಲ್ಕು, ವೃತ್ತಿ ವ್ಯಾಪಾರದ ತೆರಿಗೆ. ಮೊದಲು ರೂಪಾಯಿಗೆ 3 ಪೈಸೆ ಇತ್ತು. ಆಮೇಲಿನ ತಿದ್ದುಪಡಿಯಲ್ಲಿ 6 ಪೈಸೆ ಆಯ್ತು.

ಆಗಿನ ಕಾಲಕ್ಕೆ ಆಕ್ಟ್ರಾಯ್ ದೊಡ್ಡ ಆದಾಯ. ಊರ ಹೊರಗೆ ಸುಂಕದ ಗೇಟು, ಗಾಡಿ ನಿಲ್ಲಿಸಿ ಚೀಟಿ ಹರಿಸೋದು, ಇದೆಲ್ಲ ಹಳೇ ಕಿರಾಣಿ ಅಂಗಡಿಯವರಿಗೆ ನೆನಪಿರಬಹುದು. ವ್ಯಾಪಾರ ಬೆಳೆದಂತೆ ಸುಂಕ ಬೆಳೆಯುತ್ತೆ, ಸುಂಕ ಬೆಳೆದಂತೆ ಗ್ರಂಥಾಲಯದ ಪಾಲೂ ಬೆಳೆಯುತ್ತೆ ಅನ್ನೋದು ಯೋಚನೆ. ಆದರೆ 1979ರಲ್ಲಿ ಕರ್ನಾಟಕದಲ್ಲಿ ಆಕ್ಟ್ರಾಯ್ ಹೋಯ್ತು. ಅದರ ಬದಲು ಬಂದ ಪ್ರವೇಶ ತೆರಿಗೆ ರಾಜ್ಯ ಸರ್ಕಾರದ್ದು. ಅದಕ್ಕೂ ಮುಂಚೆ, 1976ರ ಕಾಯ್ದೆಯಿಂದ ವೃತ್ತಿ ತೆರಿಗೆಯನ್ನೂ ರಾಜ್ಯ ಸರ್ಕಾರವೇ ವಸೂಲಿ ಮಾಡೋದಕ್ಕೆ ಶುರುಮಾಡ್ತು. ಸ್ಥಳೀಯ ವಾಹನ ತೆರಿಗೆಯಲ್ಲಿ ಹೇಳಿಕೊಳ್ಳುವಂಥ ಮೊತ್ತ ಇಲ್ಲ. ಹೀಗೆ ನಾಲ್ಕು ಕಾಲಿನ ಮಂಚದಲ್ಲಿ ಉಳಿದದ್ದು ಒಂದೇ ಕಾಲು, ಆಸ್ತಿ ತೆರಿಗೆ. ಸುಂಕದ ಗೇಟು ಹೋದದ್ದು ವ್ಯಾಪಾರಿಗಳಿಗೆ ಒಳ್ಳೇದೇ ಆಯ್ತು ಬಿಡಿ, ಅದರಲ್ಲಿ ಎರಡು ಮಾತಿಲ್ಲ. ಅದರ ಹಿಂದೆ ಗ್ರಂಥಾಲಯದ ಪಾಲೂ ಹೋಯ್ತು ಅನ್ನೋದು ಮಾತ್ರ ಆಗ ಯಾರ ಬಾಯಲ್ಲೂ ದೊಡ್ಡ ವಿಷಯ ಆಗಲಿಲ್ಲ.

ಇನ್ನೊಂದು ಮೂಲ ಭೂಕಂದಾಯ. ಜಿಲ್ಲೆಯಲ್ಲಿ ವಸೂಲಾಗುವ ಭೂಕಂದಾಯದ ಒಂದು ಪಾಲನ್ನು ಸರ್ಕಾರ ಜಿಲ್ಲಾ ಗ್ರಂಥಾಲಯ ಪ್ರಾಧಿಕಾರಕ್ಕೆ ಕೊಡಬೇಕು ಅಂತಿದೆ. ರಾಗಿ ಬೆಳೆಯೋ ಖುಷ್ಕಿ ಜಮೀನಿಗೆ ಈಗ ಎಷ್ಟು ಕಂದಾಯ ಅಂತ ಯಾವ ರೈತರನ್ನಾದರೂ ಕೇಳಿ. ಹೆಸರಿಗೆ ಮಾತ್ರ. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಲಕ್ಷಗಟ್ಟಲೆ ವಹಿವಾಟು ನಡೆದರೂ ಭೂಕಂದಾಯ ಅದರ ಜೊತೆ ಏರಲ್ಲ. ಹಾಗಾಗಿ ಆ ಪಾಲೂ ಬತ್ತಿದ ಬಾವಿಯೇ.

ಕೇಂದ್ರದಿಂದ ಬರೋದು ಕೋಲ್ಕತ್ತದಲ್ಲಿರುವ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವು. 1972ರಲ್ಲಿ ಶುರುವಾದ ಸಂಸ್ಥೆ. ಅದರ ಕೆಲವು ಯೋಜನೆಗಳಲ್ಲಿ ರಾಜ್ಯವೂ ಸರಿಪಾಲು ಹಾಕಬೇಕು.

ಗಡಿಯಾಚೆ ನೋಡೋದಾದರೆ, ನಮ್ಮ ಜಿಲ್ಲೆಯವರಿಗೆ ಹೋಲಿಕೆ ಸುಲಭ. ಮಾಲೂರು ಕಡೆಯಿಂದ ಹೊಸೂರಿಗೆ ಹೋದರೆ ತಮಿಳುನಾಡು. ಅಲ್ಲಿ ಗ್ರಂಥಾಲಯ ಕರ ಆಸ್ತಿ ತೆರಿಗೆಯ ಶೇ 10. ಮುಳಬಾಗಿಲು ದಾಟಿ ನಂಗಲಿ ಆಚೆ ಹೋದರೆ ಆಂಧ್ರ. ಅಲ್ಲಿ ರೂಪಾಯಿಗೆ 8 ಪೈಸೆ. ನಮ್ಮದು 6. ಮಹಾರಾಷ್ಟ್ರದ 1967ರ ಕಾಯ್ದೆಯಲ್ಲಿ ಕರವೇ ಇಲ್ಲ, ಅಲ್ಲಿ ಸರ್ಕಾರದ ಅನುದಾನದ ಮೇಲೆ ನಡೀಬೇಕು. ಅಂದರೆ ನಮ್ಮದು ತೀರಾ ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ. ಆ 6 ಪೈಸೆ ಸರಿಯಾಗಿ ಬಂದು ಸೇರಿದರೆ ಸಾಕಷ್ಟು ಕೆಲಸ ಆಗುತ್ತೆ.

ದುಡ್ಡು ನಿಲ್ಲೋ ಜಾಗ

ಸೇರುತ್ತಾ ಅನ್ನೋದೇ ಪ್ರಶ್ನೆ. ಕರ ವಸೂಲಿ ಮಾಡೋದು ನಗರಸಭೆ, ಪುರಸಭೆ. ಖರ್ಚು ಮಾಡೋದು ಗ್ರಂಥಾಲಯ ಪ್ರಾಧಿಕಾರ. ಎರಡೂ ಬೇರೆ ಬೇರೆ ಇಲಾಖೆ, ಬೇರೆ ಬೇರೆ ಬ್ಯಾಂಕ್ ಖಾತೆ. ಸ್ಥಳೀಯ ಸಂಸ್ಥೆ ವಸೂಲಿ ಖರ್ಚು ಅಂತ ಒಂದಿಷ್ಟು ಹಿಡಿದುಕೊಂಡು ಉಳಿದದ್ದನ್ನು ಗ್ರಂಥಾಲಯದ ನಿಧಿಗೆ ಕಟ್ಟಬೇಕು. ಕರ ಅದರ ಸ್ವಂತ ಆದಾಯ ಅಲ್ಲ. ಇನ್ನೊಬ್ಬರ ದುಡ್ಡನ್ನು ಕೈಯಲ್ಲಿ ಹಿಡಿದುಕೊಂಡಿರೋದು ಅಷ್ಟೇ.

ಆದರೆ ನೀರಿನ ಮೋಟಾರ್ ಸುಟ್ಟಿದೆ, ಪೌರಕಾರ್ಮಿಕರ ವೇತನ ಬಾಕಿ ಇದೆ, ವಿದ್ಯುತ್ ಬಿಲ್ ಬಂದಿದೆ ಅನ್ನುವಾಗ ಖಾತೆಯಲ್ಲಿರುವ ದುಡ್ಡು ಯಾವ ಬಾಬ್ತಿನದು ಅಂತ ನೋಡೋರು ಯಾರು? ದೇವರು ಕೊಟ್ಟರೂ ಪೂಜಾರಿ ಕೊಡ ಅಂದಂಗೆ ಆಗುತ್ತೆ. ಗ್ರಂಥಾಲಯ ಕರ, ಆರೋಗ್ಯ ಕರ, ಭಿಕ್ಷುಕರ ಕರಗಳನ್ನು ನಗರ ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡಿ ಆಯಾ ಇಲಾಖೆಗೆ ಕಟ್ಟದೇ ಉಳಿಸಿಕೊಂಡಿವೆ ಅಂತ ಮಹಾಲೇಖಪಾಲರ ವರದಿಗಳು ಮತ್ತೆ ಮತ್ತೆ ಹೇಳಿವೆ. ಬೆಂಗಳೂರು ಮಹಾನಗರ ಪಾಲಿಕೆಯ ಬಾಕಿಯಂತೂ ನೂರಾರು ಕೋಟಿ ರೂಪಾಯಿ ಅಂತ ವರ್ಷಗಟ್ಟಲೆ ಸುದ್ದಿಯಾಗಿದೆ. ರಾಜಧಾನಿಯ ಪರಿಸ್ಥಿತಿಯೇ ಹೀಗಿದ್ದರೆ ತಾಲ್ಲೂಕು ಕೇಂದ್ರಗಳ ಲೆಕ್ಕವನ್ನೂ ಒಮ್ಮೆ ನೋಡೋದು ತಪ್ಪಲ್ಲ.

ದುಡ್ಡು ನಿಂತರೆ ಏನಾಗುತ್ತೆ ಅನ್ನೋದು ಓದೋಕೆ ಬರೋರಿಗೆ ಗೊತ್ತು. ಈಗ ತಾಲ್ಲೂಕು ಗ್ರಂಥಾಲಯಗಳಿಗೆ ಬರುವವರಲ್ಲಿ ದೊಡ್ಡ ಪಾಲು ಪರೀಕ್ಷೆಗೆ ತಯಾರಾಗುವ ಹುಡುಗ ಹುಡುಗಿಯರು. ಪೊಲೀಸ್ ಕಾನ್‌ಸ್ಟೆಬಲ್, ಎಫ್‌ಡಿಎ, ಎಸ್‌ಡಿಎ, ಕೆಎಎಸ್. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಕೋಚಿಂಗ್ ಫೀಸು ಕೊಡೋಕಾಗದವರಿಗೆ ಒಂದು ಟೇಬಲ್ಲು, ಫ್ಯಾನು, ಮೂರು ದಿನಪತ್ರಿಕೆ, ಹೊಸ ವರ್ಷದ ಸಾಮಾನ್ಯ ಜ್ಞಾನದ ಪುಸ್ತಕ ಇದ್ದರೆ ಅದೇ ದೊಡ್ಡದು. ಸಾಮಾನ್ಯ ಜ್ಞಾನದ ಪುಸ್ತಕ ಮೂರು ವರ್ಷ ಹಳೇದಾದರೆ ರದ್ದಿ ಕಾಗದಕ್ಕೆ ಸಮ. ಅದನ್ನು ವರ್ಷ ವರ್ಷ ತರಿಸೋಕೆ ದುಡ್ಡು ಬೇಕು, ಆ ದುಡ್ಡೇ ಈ ಕರ. ಪುಸ್ತಕ ಖರೀದಿಗೆ ದುಡ್ಡಿಲ್ಲದೆ ಇಲಾಖೆಯ ಸಗಟು ಖರೀದಿ ತಡವಾದರೆ ಕನ್ನಡ ಪ್ರಕಾಶಕರ ಕೈಯೂ ಕಟ್ಟುತ್ತೆ, ಯಾಕಂದರೆ ಸಣ್ಣ ಪ್ರಕಾಶಕರಿಗೆ ಗ್ರಂಥಾಲಯವೇ ದೊಡ್ಡ ಗಿರಾಕಿ.

ಹಳ್ಳಿಯಲ್ಲಿ ಬೇರೆ ದಾರಿ

ಹಳ್ಳಿಗಳ ಕಥೆ ಸ್ವಲ್ಪ ಬೇರೆ. 1980ರ ದಶಕದ ಮಂಡಲ ಪಂಚಾಯಿತಿ ಕಾಲದಲ್ಲಿ ಶುರುವಾದ ಗ್ರಂಥಾಲಯಗಳು ಆಮೇಲೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಾದವು. ಬಹಳ ವರ್ಷ ಅವು ಗ್ರಂಥಾಲಯ ಇಲಾಖೆಯ ಕೈಯಲ್ಲೇ ಇದ್ದವು. ಗೌರವಧನದ ಮೇಲೆ ಒಬ್ಬರು ಮೇಲ್ವಿಚಾರಕರು, ದಿನಕ್ಕೆ ಕೆಲವು ಗಂಟೆ. 2019ರಲ್ಲಿ ಸರ್ಕಾರ ಅವನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟಿತು. ಆಗ ರಾಜ್ಯದಲ್ಲಿ ಇಂಥವು ಐದೂವರೆ ಸಾವಿರಕ್ಕೂ ಹೆಚ್ಚು. ಪಂಚಾಯಿತಿಯೇ ಕರ ವಸೂಲಿ ಮಾಡೋದು, ಪಂಚಾಯಿತಿಯೇ ಗ್ರಂಥಾಲಯ ನಡೆಸೋದು ಅಂತಾದ ಮೇಲೆ ದುಡ್ಡು ಇಲಾಖೆಯಿಂದ ಇಲಾಖೆಗೆ ಹಾರಬೇಕಾದ ಕಷ್ಟ ತಪ್ಪಿತು. 2020ರ ನವೆಂಬರ್‌ನಲ್ಲಿ ಓದುವ ಬೆಳಕು ಕಾರ್ಯಕ್ರಮ ಬಂದು, 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಆಮೇಲೆ ಇವಕ್ಕೆ ಅರಿವು ಕೇಂದ್ರ ಅಂತ ಹೆಸರಾಯ್ತು. ಪೇಟೆಯ ಗ್ರಂಥಾಲಯ ಬಾಡಿ ಹಳ್ಳಿಯದು ಬಣ್ಣ ಬಳಿದುಕೊಂಡಿರೋ ದೃಶ್ಯ ಕೆಲವು ಕಡೆ ಕಾಣೋದಕ್ಕೆ ಇದೂ ಒಂದು ಕಾರಣ.

ಗ್ರಾಮ ಪಂಚಾಯಿತಿ ರಸೀದಿಯಲ್ಲಿ ಈ ಮೂರು ಕರದ ಜೊತೆ ಶಿಕ್ಷಣ ಕರವೂ ಸೇರಿರುತ್ತೆ. ಗ್ರಂಥಾಲಯದ್ದು ಅಲ್ಲೂ ಶೇ 6.

ಇನ್ನು ಮುಂದೆ ಈ ಮೊತ್ತ ಏರೋದೇ ಹೊರತು ಇಳಿಯಲ್ಲ. ನರಸಾಪುರ, ವೇಮಗಲ್, ಮಾಲೂರು ಕಡೆ ಕಾರ್ಖಾನೆ ಬಂದಿವೆ, ಸುತ್ತ ಬಾಡಿಗೆ ಮನೆ, ಹೋಟೆಲ್, ಪಿಜಿ ಎದ್ದಿವೆ. 2025ರ ಫೆಬ್ರವರಿಯಿಂದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಬಿ-ಖಾತಾ ಆಂದೋಲನ ಶುರುವಾಗಿ, ಇದುವರೆಗೆ ಲೆಕ್ಕಕ್ಕೇ ಸಿಗದ ಬಡಾವಣೆಗಳ ನಿವೇಶನ, ಮನೆಗಳೂ ತೆರಿಗೆ ವ್ಯಾಪ್ತಿಗೆ ಬರ್ತಿವೆ. ಮೊದಲ ವರ್ಷ ಅವರಿಗೆ ಎರಡು ಪಟ್ಟು ತೆರಿಗೆ. ತೆರಿಗೆ ಹೆಚ್ಚಾದ ಕಡೆಯೆಲ್ಲ ಅದರ ಬೆನ್ನಿಗೆ ಗ್ರಂಥಾಲಯದ 6 ಪೈಸೆಯೂ ಹೆಚ್ಚಬೇಕು.

ಲೆಕ್ಕ ಕೇಳೋದು ಹೇಗೆ

ಕೇಳೋದಕ್ಕೆ ವಕೀಲರು ಬೇಕಾಗಿಲ್ಲ. ನಗರಸಭೆ, ಪುರಸಭೆಯಾದರೆ ನಿಮ್ಮ ವಾರ್ಡ್ ಸದಸ್ಯರಿಂದ ಸಾಮಾನ್ಯ ಸಭೆಯಲ್ಲಿ ಕೇಳಿಸಬಹುದು. ಬಜೆಟ್ ಮುನ್ನ ನಡೆಸುವ ಸಾರ್ವಜನಿಕ ಸಭೆಯಲ್ಲಿ ನೀವೇ ಎದ್ದು ಕೇಳಬಹುದು. ವರ್ತಕರ ಸಂಘದ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟರೆ ಇನ್ನೂ ತೂಕ. ಹಳ್ಳಿಯಾದರೆ ಗ್ರಾಮ ಸಭೆ ಇದ್ದೇ ಇದೆ.

ಬಾಯಿ ಮಾತಿಗೆ ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ. ಅರ್ಜಿಗೆ 10 ರೂಪಾಯಿ ಶುಲ್ಕ, ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕಾರ್ಡ್ ಇದ್ದವರಿಗೆ ಶುಲ್ಕ ಇಲ್ಲ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಹಾಗಾಗಿ ಸುತ್ತಿ ಬಳಸಿ ಬರೆಯಬೇಡಿ. ಮೂರೇ ಪ್ರಶ್ನೆ ಸಾಕು: ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ವರ್ಷವಾರು ವಸೂಲಾದ ಗ್ರಂಥಾಲಯ ಕರ ಎಷ್ಟು? ಅದರಲ್ಲಿ ಗ್ರಂಥಾಲಯ ಪ್ರಾಧಿಕಾರಕ್ಕೆ ಕಟ್ಟಿದ್ದು ಎಷ್ಟು, ಯಾವ ದಿನ? ಕಟ್ಟದೇ ಉಳಿದದ್ದು ಎಷ್ಟು? ಅರ್ಜಿಯನ್ನು ಆ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿ ಹೆಸರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಸೀಲು ಮರೆತರೆ ಆಮೇಲೆ ಅರ್ಜಿಯೇ ಬಂದಿಲ್ಲ ಅಂದುಬಿಡ್ತಾರೆ.

ಇದೇ ಪ್ರಶ್ನೆಯನ್ನು ತಿರುಗಿಸಿ ಕೋಲಾರದ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೂ ಇನ್ನೊಂದು ಅರ್ಜಿ ಹಾಕಬಹುದು: ಯಾವ ನಗರಸಭೆ, ಪುರಸಭೆಯಿಂದ ಎಷ್ಟು ಬಂತು, ಅದರಲ್ಲಿ ಪುಸ್ತಕಕ್ಕೆ ಖರ್ಚಾಗಿದ್ದು ಎಷ್ಟು? ಎರಡೂ ಕಡೆಯ ಉತ್ತರ ಪಕ್ಕಪಕ್ಕ ಇಟ್ಟರೆ ದುಡ್ಡು ಎಲ್ಲಿ ನಿಂತಿದೆ ಅಂತ ಗೊತ್ತಾಗುತ್ತೆ. ಉತ್ತರಕ್ಕೆ 30 ದಿನ ಗಡುವು. ಬರದಿದ್ದರೆ ಅಥವಾ ಅರೆಬರೆ ಬಂದರೆ, ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಬಹುದು.